ಆಟ ಕೆಡಿಸುವ ರೂಲಿಗೆ ಮದ್ದು ಅರೆಯುವ ಬಗೆ: ಶಿರಸಿ ಜಗಲಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಆಷಾಢದ ಒಂದು ರಾತ್ರಿ. ಶಿರಸಿಯ ನಮ್ಮನೆ ಜಗಲಿಯ ಮೇಲೆ ಆರು ಜನ, ನಡುವೆ ಒಂದು ಬಟ್ಟಲು ದಾಳ, ಹೊರಗೆ ಹೆಂಚು ಒಡೆಯುವ ಹಾಗೆ ಮಳೆ. ಆಟ ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತ ಕಥೆ ಕಟ್ಟುವ ಆಟ. ಕಥೆ ನಡೆಸಿ ತೀರ್ಪು ಕೊಡುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ನಾನು. ಒಬ್ಬ ಗೆಳೆಯ ತನ್ನ ರೋಗ್ (ಕಳ್ಳಹೆಜ್ಜೆಯ ಚಾಲಾಕಿ) ಪಾತ್ರವನ್ನು ಅಡಿಕೆ ಕೊಯ್ಯುವ ಕೊನೆಗೌಡನನ್ನಾಗಿ ಮಾಡಿಕೊಂಡಿದ್ದ. ಅಡಿಕೆ ಮರದಿಂದ ಮರಕ್ಕೆ ಜೀಕುತ್ತ, ನೆಲ ಮುಟ್ಟದೆ ತೋಟ ದಾಟುವ ಆಸಾಮಿ. ಕೋಟೆಯ ಹಿಂದಿನ ತೋಟದ ಮೇಲಿಂದಲೇ ಒಳಗೆ ನುಗ್ಗುತ್ತೇನೆ ಎಂದ. ಎಲ್ಲರಿಗೂ ಹುರುಪು ಬಂತು. ನಾನು ಮರಕ್ಕೊಂದು ದಾಳ ಹಾಕು ಎಂದೆ. ಹತ್ತು ಮರ, ಇಪ್ಪತ್ತು ಮುಖದ ದಾಳದಲ್ಲಿ 3 ಅಥವಾ ಮೇಲೆ ಬಿದ್ದರೆ ಸಾಕು. ಸುಲಭವೇ ಆಯ್ತಲ್ಲ ಎಂದುಕೊಂಡೆ.

ಏಳನೆಯ ಮರದಲ್ಲಿ 2 ಬಿತ್ತು. ನಲವತ್ತು ಅಡಿ ಮೇಲಿಂದ ಬಿದ್ದ, ಕಾವಲಿನವರು ಎದ್ದರು, ಉಳಿದ ನಾಲ್ವರು ಓಡಿಹೋಗಬೇಕಾಯಿತು. ಗೆಳೆಯ ದಾಳವನ್ನು ಬಟ್ಟಲಿಗೆ ಹಾಕಿ, ‘ನಮ್ಮೂರ ಕೊನೆಗೌಡರು ಹಿಂಗೆ ಬೀಳ್ತಿದ್ರೆ ಅಡಿಕೆ ಕೊಯ್ಲು ಯಾವತ್ತೋ ನಿಂತು ಹೋಗ್ತಿತ್ತು ಮಾರಾಯ’ ಎಂದ. ಆ ರಾತ್ರಿ ಆಟ ಮತ್ತೆ ಏಳಲಿಲ್ಲ.

ಅಲ್ಲಿಂದ ಈಚೆಗೆ ಸುಮಾರು ರೂಲು ಕಿತ್ತಿದ್ದೇವೆ, ಕಿತ್ತದ್ದರಲ್ಲಿ ಕೆಲವನ್ನು ತಲೆ ತಗ್ಗಿಸಿ ವಾಪಸು ನೆಟ್ಟಿದ್ದೇವೆ. ನಾಲ್ಕೈದು ಆಟ ಆಡಿಸಿ, ಯಾವುದೋ ರೂಲಿಗೆ ಹಲ್ಲು ಕಡಿಯುತ್ತಿರುವ ಡಿಎಂಗೆ ಈ ಬರಹ. ಲೆಕ್ಕಗಳೆಲ್ಲ ಐದನೇ ಆವೃತ್ತಿಯವು, ಅಂದರೆ 2014ರ ಪುಸ್ತಕ ಮತ್ತು 2024ರಲ್ಲಿ ಪರಿಷ್ಕರಿಸಿದ್ದು. ಪುಸ್ತಕ ಕೊಳ್ಳುವುದು ಕಷ್ಟವೆಂದರೆ 2014ರ ಮೂಲ ನಿಯಮಗಳ ದೊಡ್ಡ ಭಾಗ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತದೆ. ಎಸ್‌ಆರ್‌ಡಿ 5.1 ಎಂದು ಹುಡುಕಿ.

ಹೆಜ್ಜೆ 1: ರೂಲನ್ನಲ್ಲ, ಸಿಟ್ಟು ಬಂದ ಗಳಿಗೆಯನ್ನು ಬರೆದಿಡಿ

‘ಭಾರದ ರೂಲು ಸರಿಯಿಲ್ಲ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ‘ಒಂಬತ್ತೂವರೆಗೆ ಎಲ್ಲರೂ ಪೌಂಡು ಕೂಡಿಸುತ್ತ ಕೂತರು, ಕಾರವಾರದವನು ಮೊಬೈಲ್ ತೆಗೆದ’ ಎಂದು ಬರೆಯಿರಿ. ನನ್ನ ಅಳತೆಗೋಲು ಅದೇ, ಕೈ ಯಾವಾಗ ಮೊಬೈಲ್ ಕಡೆ ಹೋಯಿತು ಎಂಬುದು. ನಮ್ಮಲ್ಲಿ ಇಬ್ಬರು ದೇವಿಮನೆ ಘಟ್ಟ ಹತ್ತಿ ಬರುವವರು, ತಿಂಗಳಿಗೊಂದು ಸಲ. ಅವರ ಅರ್ಧ ಗಂಟೆ ತಿನ್ನುವ ರೂಲು ಅಷ್ಟಕ್ಕೆ ತಕ್ಕ ಫಲ ಕೊಡಬೇಕು.

ಹೀಗೆ ಬರೆದಿಟ್ಟದ್ದನ್ನು ನೋಡಿದಾಗ ಕಿರಿಕಿರಿ ಮೂರು ಜಾತಿಯದು ಅನ್ನಿಸಿತು. ಒಂದು ಹೊತ್ತು ತಿನ್ನುವುದು. ಇನ್ನೊಂದು ಸರದಿ ಕಸಿಯುವುದು: ಪಾತ್ರಕ್ಕೆ ಪಾರ್ಶ್ವವಾಯು ಹೊಡೆದು ಆಟಗಾರ ಮುಕ್ಕಾಲು ಗಂಟೆ ಗೋಡೆ ನೋಡುತ್ತ ಕೂರುವುದು. ಮೂರನೆಯದು ಪಾತ್ರದ ಮಾನ ತೆಗೆಯುವುದು, ನಮ್ಮ ಕೊನೆಗೌಡನಿಗೆ ಆದದ್ದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಇಲ್ಲಿ ಹೋದದ್ದು ಅಕ್ಷರಶಃ ಅಡಿಕೆ ಮರದಲ್ಲಿ. ಮೂರು ಕಾಯಿಲೆಗೆ ಮೂರು ಮದ್ದು ಬೇಕು. ಯಾವ ಕಾಯಿಲೆ ಎಂದು ಗೊತ್ತಾಗುವ ಮೊದಲು ಪುಸ್ತಕಕ್ಕೆ ಕತ್ತರಿ ಹಾಕಬೇಡಿ.

ಹೆಜ್ಜೆ 2: ಆ ರೂಲು ಪುಸ್ತಕದಲ್ಲಿ ಇದೆಯೇ ನೋಡಿ

ಬೆಳಿಗ್ಗೆ ಪುಸ್ತಕ ತೆಗೆದು ನೋಡಿದರೆ ನನ್ನ ಮುಖ ಸಣ್ಣದಾಯಿತು. ಐದನೇ ಆವೃತ್ತಿಯಲ್ಲಿ ಹತ್ತುವುದಕ್ಕೆ ಸಾಮಾನ್ಯವಾಗಿ ದಾಳವೇ ಬೇಡ. ಒಂದಡಿ ಹತ್ತಲು ಎರಡಡಿಯ ನಡಿಗೆ ಖರ್ಚಾಗುತ್ತದೆ, ಅಷ್ಟೆ. ಜಾರುವ ಗೋಡೆ, ಹಿಡಿಕೆಯಿಲ್ಲದ ಬಂಡೆ ಇದ್ದರೆ ಮಾತ್ರ ಡಿಎಂ ಅಥ್ಲೆಟಿಕ್ಸ್ ದಾಳ, ಅಂದರೆ ಮೈಕಸುವಿನ ಪರೀಕ್ಷೆ, ಕೇಳಬಹುದು. ಮರಕ್ಕೊಂದು ದಾಳ ಎಂಬ ರೂಲನ್ನು ಹೆತ್ತವನು ನಾನೇ.

ಜನ ಬೈಯುವ ರೂಲುಗಳಲ್ಲಿ ಹೀಗೆ ಅನಾಥವಾಗಿ ಹುಟ್ಟಿದವು ಬೇಕಾದಷ್ಟಿವೆ. ಅತಿ ಕೆಟ್ಟದ್ದು ‘1 ಬಿದ್ದರೆ ಕತ್ತಿ ಕೈಜಾರುತ್ತದೆ’ ಎಂಬುದು. ಪುಸ್ತಕದ ಪ್ರಕಾರ ಹಲ್ಲೆಯಲ್ಲಿ 1 ಬಿದ್ದರೆ ಏಟು ತಪ್ಪುತ್ತದೆ, ಮುಗಿಯಿತು. ಕೈಜಾರುವುದು ಮನೆಮನೆಯಲ್ಲಿ ಸೇರಿಸಿಕೊಂಡ ಒಗ್ಗರಣೆ. ಲೆಕ್ಕ ಹಾಕಿ ನೋಡಿ: ಒಂದನೇ ಹಂತದ ಫೈಟರ್ ಸರದಿಗೆ ಒಂದೇ ಸಲ ಹೊಡೆಯುತ್ತಾನೆ, ಕತ್ತಿ ಬೀಳುವ ಸಾಧ್ಯತೆ ನೂರಕ್ಕೆ 5. ಇಪ್ಪತ್ತನೇ ಹಂತದ ಮಹಾವೀರ ನಾಲ್ಕು ಸಲ ಹೊಡೆಯುತ್ತಾನೆ, ಸಾಧ್ಯತೆ ನೂರಕ್ಕೆ ಸುಮಾರು 18.5. ಅಂದರೆ ಗರಡಿಯಲ್ಲಿ ಬೆವರು ಸುರಿಸಿದಷ್ಟೂ ಕತ್ತಿ ಬೀಳುವುದು ಹೆಚ್ಚು. ಪಕ್ಕದಲ್ಲಿ ಬೆಂಕಿಯುಂಡೆ ಎಸೆಯುವ ವಿಝಾರ್ಡ್ ದಾಳವನ್ನೇ ಹಾಕುವುದಿಲ್ಲ, ದಾಳ ಹಾಕುವವನು ಸುಟ್ಟುಕೊಳ್ಳುವ ಎದುರಾಳಿ. ಅವನಿಗೆ ಕೈಜಾರುವ ಭಯವೇ ಇಲ್ಲ.

ಹಳೆಯ ಆವೃತ್ತಿ ಆಡಿದವರು ಬಂದು ಕೂತರಂತೂ ಮಳೆ ಬಿಟ್ಟರೂ ಮರದ ಹನಿ ಬಿಡುವುದಿಲ್ಲ. ಇಪ್ಪತ್ತು ವರ್ಷ ಹಿಂದಿನ ರೂಲು ಅವರ ಬಾಯಲ್ಲಿ ತೊಟ್ಟಿಕ್ಕುತ್ತಲೇ ಇರುತ್ತದೆ. ನಯವಾಗಿ ‘ಪುಟ ತೋರಿಸು’ ಅನ್ನಿ.

ಹೆಜ್ಜೆ 3: ದಣಪೆ ಯಾವ ದನವನ್ನು ತಡೆಯುತ್ತಿದೆ?

ತೋಟಕ್ಕೆ ಹೋಗುವ ದಾರಿಯಲ್ಲಿ ದಣಪೆ ಇರುತ್ತದೆ. ದಾಟುವಾಗ ಮೊಣಕಾಲಿಗೆ ಬಡಿಯುತ್ತದೆ. ಬಡಿಯಿತೆಂದು ಕಿತ್ತೆಸೆದರೆ ಮರುದಿನ ಎಳೆ ಸಸಿಯೆಲ್ಲ ದನದ ಹೊಟ್ಟೆಯಲ್ಲಿ. ರೂಲು ಕೀಳುವ ಮೊದಲು ಕೇಳಬೇಕಾದ್ದು ಇದನ್ನೇ, ಇದು ಏನನ್ನು ಕಾಯುತ್ತಿದೆ ಎಂದು.

ಭಾರದ ರೂಲನ್ನೇ ತೆಗೆದುಕೊಳ್ಳಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟ ಹೊರತಂದಾಗ ಅನುಭವದ ಅಂಕ ಬರುತ್ತಿದ್ದುದು ಬಹುಪಾಲು ಹೊತ್ತು ತಂದ ನಿಧಿಯಿಂದ. ಮುಂದೆ ಬಂದ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಒಂದು ಪೌಂಡಿಗೆ ಹತ್ತೇ ನಾಣ್ಯ. ಸಾವಿರ ವರಹ ಸಿಕ್ಕರೆ ನೂರು ಪೌಂಡು. ಹಗ್ಗ ಬಿಡಲೇ, ಪಂಜು ಬಿಡಲೇ, ಚಿನ್ನ ಬಿಡಲೇ ಎಂಬುದೇ ಆಗಿನ ಆಟದ ಜೀವ, ಭಾರದ ಲೆಕ್ಕವಿಲ್ಲದೆ ಅದು ನಡೆಯುತ್ತಲೇ ಇರಲಿಲ್ಲ. ಐದನೇ ಆವೃತ್ತಿಯಲ್ಲಿ ಪೌಂಡಿಗೆ ಐವತ್ತು ನಾಣ್ಯ, ಅನುಭವದ ಅಂಕ ಚಿನ್ನದಿಂದ ಬರುವುದೂ ಇಲ್ಲ. ದನ ಮಾರಿ ಎಷ್ಟೋ ಕಾಲವಾಯಿತು, ದಣಪೆ ಮಾತ್ರ ಉಳಿದಿದೆ.

ಕೆಲವೊಮ್ಮೆ ದಣಪೆ ಸರಿಯಿದ್ದು ಅದು ತೆರೆಯುವ ದಿಕ್ಕು ಮಾತ್ರ ತಪ್ಪಿರುತ್ತದೆ. 1989ರ ಎರಡನೇ ಆವೃತ್ತಿಯ ಥ್ಯಾಕೋ, ಅಂದರೆ ಕವಚದ ಅಂಕ ಸೊನ್ನೆ ಇರುವವನಿಗೆ ಏಟು ತಗುಲಲು ದಾಳದಲ್ಲಿ ಬೀಳಬೇಕಾದ ಅಂಕ, ಇದಕ್ಕೆ ಸಾಕ್ಷಿ. ಅಲ್ಲಿ ಕವಚದ ಅಂಕ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ನಿಮ್ಮ ಥ್ಯಾಕೋ 17, ಎದುರಾಳಿಯ ಕವಚ 4 ಎಂದರೆ ಕಳೆದು 13 ಬೀಳಬೇಕು. ಕವಚ ಸೊನ್ನೆಗಿಂತ ಕೆಳಗೆ 2 ಎಂದರೆ ಕಳೆಯುವ ಬದಲು ಕೂಡಿಸಿ 19. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಈ ಲೆಕ್ಕ! 2000ದ ಮೂರನೇ ಆವೃತ್ತಿ ಅಂಕವನ್ನು ತಿರುಗಿಸಿ ಮೇಲ್ಮುಖ ಮಾಡಿತು. ಒಳಗಿನ ಗಣಿತ ಹೆಚ್ಚು ಕಡಿಮೆ ಅದೇ, ತಲೆನೋವು ಮಾತ್ರ ಹೋಯಿತು. ಆದರೆ ಅದೇ ಮೂರನೇ ಆವೃತ್ತಿ ಕುಸ್ತಿಯ ರೂಲನ್ನು ಪುರಾಣ ಮಾಡಿತ್ತು. ಒಬ್ಬನನ್ನು ತಬ್ಬಿ ಹಿಡಿಯಬೇಕೆಂದರೆ ಮೊದಲು ಅವನಿಗೆ ಬಿಟ್ಟಿ ಏಟು, ಆಮೇಲೆ ಮುಟ್ಟುವ ದಾಳ, ಆಮೇಲೆ ಇಬ್ಬರ ಹಿಡಿತದ ದಾಳ, ಆಮೇಲೆ ಅವನ ಜಾಗಕ್ಕೆ ಸರಿಯುವುದು. 2014ರಲ್ಲಿ ಇಬ್ಬರೂ ಒಂದೊಂದು ದಾಳ ಹಾಕಿದರೆ ಮುಗಿಯಿತು. 2024ರಲ್ಲಿ ಹಿಡಿಸಿಕೊಳ್ಳುವವನು ಮಾತ್ರ ಹಾಕುತ್ತಾನೆ.

ಹೆಜ್ಜೆ 4: ಗೇರುಬೀಜ ಎಣಿಸಿ

ಅಂದರೆ ಲೆಕ್ಕ. ಎಂಟನೇ ತರಗತಿಯ ಗುಣಾಕಾರಕ್ಕಿಂತ ಹೆಚ್ಚಿನದೇನೂ ಬೇಡ, ಆದರೂ ನಾವ್ಯಾರೂ ಮಾಡುವುದಿಲ್ಲ.

ಕೊನೆಗೌಡನ ಹತ್ತು ಮರಕ್ಕೆ ಬನ್ನಿ. ಒಂದು ಮರ ದಾಟುವ ಸಾಧ್ಯತೆ ನೂರಕ್ಕೆ 90. ಹತ್ತನ್ನೂ ದಾಟುವುದಕ್ಕೆ 0.9ನ್ನು ಹತ್ತು ಸಲ ಗುಣಿಸಿ: ನೂರಕ್ಕೆ 35ಕ್ಕಿಂತ ತುಸು ಕಡಿಮೆ. ಸುಲಭ ಮಾಡಿಕೊಟ್ಟೆ ಎಂದುಕೊಂಡು ನಾನು ಅವನನ್ನು ಮೂರಕ್ಕೆ ಎರಡು ಪಾಲು ಬೀಳಿಸುವ ಹಾಗೆ ಮಾಡಿದ್ದೆ. ದಾಳ ಹೆಚ್ಚಾದಷ್ಟೂ ಸೋಲು ಹತ್ತಿರ, ಈ ಒಂದು ಮಾತನ್ನು ಡಿಎಂ ಆದವನು ತನ್ನ ಟಿಪ್ಪಣಿ ಮರೆಮಾಡುವ ಪರದೆಯ ಒಳಬದಿಗೆ ಅಂಟಿಸಿಕೊಳ್ಳಬೇಕು. ಒಂದು ಕೆಲಸಕ್ಕೆ ಒಂದು ದಾಳ. ಬಿದ್ದದ್ದು ಕೆಟ್ಟದಾದರೆ ಪಾತ್ರ ಬೀಳುವುದು ಬೇಡ, ಕೈಯ ಕತ್ತಿ ಸದ್ದು ಮಾಡಲಿ, ಒಣಗಿದ ಸೋಗೆ ಕೆಳಗೆ ಬೀಳಲಿ, ಕಾವಲಿನವನು ತಲೆಯೆತ್ತಲಿ. ಕೊನೆಗೌಡನಿಗೆ ಮರ ಹತ್ತಲು ಬರುತ್ತದೋ ಎಂಬುದು ಪ್ರಶ್ನೆಯಲ್ಲ. ಯಾರಿಗೂ ಕಾಣದೆ ಹತ್ತಬಲ್ಲನೋ ಎಂಬುದು ಪ್ರಶ್ನೆ.

ಸದ್ದಿಲ್ಲದೆ ನುಸುಳುವ ರೂಲಿನಲ್ಲೂ ಇದೇ ಗೋಳು. ಐದು ಜನ ಮಿರ್ಜಾನ್ ಕೋಟೆಯ ಒಳಗೆ ಕದ್ದು ಹೋಗುತ್ತಿದ್ದಾರೆ ಎನ್ನಿ, ಒಬ್ಬೊಬ್ಬನ ಸಾಧ್ಯತೆ ನೂರಕ್ಕೆ 65. ಐವರೂ ಗೆಲ್ಲಲೇಬೇಕೆಂದರೆ ನೂರಕ್ಕೆ 12ಕ್ಕೂ ಕಡಿಮೆ. ಅದಕ್ಕೇ ಎಲ್ಲ ಗುಂಪುಗಳೂ ಒಂದೆರಡು ಸಲ ನುಸುಳಿ ನೋಡಿ, ಆಮೇಲೆ ಬಾಗಿಲು ಒದೆಯುವುದಕ್ಕೆ ಶುರು ಮಾಡುತ್ತವೆ. ಪುಸ್ತಕದಲ್ಲಿ ಗುಂಪಿನ ದಾಳ ಎಂಬ ರೂಲಿದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ: ಅರ್ಧದಷ್ಟು ಜನ ಗೆದ್ದರೆ ಇಡೀ ಗುಂಪು ಗೆದ್ದಂತೆ. ಅದೇ ಐವರಿಗೆ ಈಗ ಸಾಧ್ಯತೆ ನೂರಕ್ಕೆ 76. ಹೊಸ ರೂಲು ಬರೆಯದೆಯೇ ವಾಸಿಯಾದ ಕಾಯಿಲೆ ಇದು.

ಹೆಜ್ಜೆ 5: ಕಾಯಿಲೆಗೆ ತಕ್ಕ ಮದ್ದು

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡಿ. ರೂಲಿನ ಕೆಲಸ ಉಳಿಸಿಕೊಂಡು ಅದರ ಬೆಲೆ ಇಳಿಸಿ.

ಹೊತ್ತು ತಿನ್ನುವುದಕ್ಕೆ. ಐದನೇ ಆವೃತ್ತಿಯ ಮೂಲ ಭಾರದ ರೂಲು ತಮಾಷೆಯಾಗಿದೆ: ಬಲದ ಅಂಕವನ್ನು 15ರಿಂದ ಗುಣಿಸಿದಷ್ಟು ಪೌಂಡು ಹೊರಬಹುದು. ಬಲ 14 ಇದ್ದವನಿಗೆ 210 ಪೌಂಡು, ಸುಮಾರು 95 ಕಿಲೋ. ಹತ್ತಿರ ಹತ್ತಿರ ಒಂದು ಕ್ವಿಂಟಲ್ ಅಡಿಕೆ ಹೊತ್ತು ಘಟ್ಟ ಹತ್ತಿದರೂ ನಡಿಗೆ ಎಳ್ಳಷ್ಟೂ ನಿಧಾನವಾಗುವುದಿಲ್ಲ. ಬೇಕಿದ್ದರೆ ಬಳಸಿ ಎಂದು ಕೊಟ್ಟಿರುವ ಕಟ್ಟುನಿಟ್ಟಿನ ರೂಲಿನಲ್ಲಿ ಅದೇ ಮನುಷ್ಯ 70 ಪೌಂಡು ದಾಟಿದರೆ ಹತ್ತಡಿ ನಿಧಾನ, 140 ದಾಟಿದರೆ ಇಪ್ಪತ್ತಡಿ ನಿಧಾನ. ಇದು ನ್ಯಾಯ, ಆದರೆ ಕ್ಯಾಲ್ಕುಲೇಟರ್ ಬೇಕು. ನಾವು ಮಾಡಿದ್ದು ಹೀಗೆ. ಬಲದ ಅಂಕ ಎಷ್ಟೋ ಅಷ್ಟು ಖಾನೆ, ಚನ್ನೆಮಣೆಯ ಗುಳಿಯ ಹಾಗೆ ಕಾಗದದಲ್ಲಿ ಸುತ್ತು ಬರೆದುಕೊಳ್ಳುವುದು. ಕತ್ತಿಗೆ ಒಂದು, ಭಾರೀ ಕವಚಕ್ಕೆ ಮೂರು, ಮೂರು ಪಂಜಿಗೆ ಒಂದು, ನೂರು ನಾಣ್ಯಕ್ಕೆ ಒಂದು. ಖಾನೆ ತುಂಬಿತೋ, ಒಂದು ಬಿಡದೆ ಇನ್ನೊಂದು ಇಲ್ಲ.

ಇದರ ಫಲ ಕಂಡದ್ದು ಕಾಳುಮೆಣಸಿನ ಕಥೆಯಲ್ಲಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಅಂಥದ್ದೇ ಒಂದು ರಾಜ್ಯ, ಅಂಥದ್ದೇ ಒಂದು ಶರಾವತಿ. ಹೊನ್ನಾವರದ ಕಡೆಗೆ ರಾತ್ರಿ ದೋಣಿಯಲ್ಲಿ ಮೆಣಸು ಸಾಗಿಸಬೇಕು, ಒಂದು ಚೀಲಕ್ಕೆ ನಾಲ್ಕು ಖಾನೆ. ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪಾತ್ರ) ಆಡುವವಳು ಕವಚ ಕಳಚಿಟ್ಟು ಇನ್ನೊಂದು ಚೀಲಕ್ಕೆ ಜಾಗ ಮಾಡಿದಳು, ಅದೇ ರಾತ್ರಿ ದೋಣಿಗೆ ದಾಳಿ. ಆಮೇಲೆ ಭಾರದ ರೂಲು ಬೇಡ ಎಂದು ಯಾರೂ ಹೇಳಿಲ್ಲ.

ಪಂಜಿನ ಲೆಕ್ಕಕ್ಕೆ ಇನ್ನೂ ಸುಲಭದ ದಾರಿ. ಪುಸ್ತಕದಲ್ಲಿ ಒಂದು ಪಂಜು ಒಂದು ಗಂಟೆ ಉರಿಯುತ್ತದೆ. ಆಟದೊಳಗಿನ ನಿಮಿಷ ಎಣಿಸುವ ಬದಲು ಮೊಬೈಲಿನಲ್ಲಿ ನಿಜವಾದ ಒಂದು ಗಂಟೆಯ ಅಲಾರಂ ಇಡಿ, ಹೊಡೆದಾಗ ಕತ್ತಲು. ಮಳೆಗಾಲದಲ್ಲಿ ಹೇಗೂ ಕರೆಂಟು ಹೋಗುತ್ತದೆ, ಅಲಾರಮ್ಮಿಗೆ ಮೊದಲೇ ಜಗಲಿ ಕಪ್ಪಾಗಿ ಎಲ್ಲರೂ ಒಟ್ಟಿಗೆ ಕೂಗಿದ್ದೂ ಇದೆ.

ಸರದಿ ಕಸಿಯುವುದಕ್ಕೆ. ಮೈ ಮರಗಟ್ಟಿಸುವ ಹೋಲ್ಡ್ ಪರ್ಸನ್ ಮಂತ್ರ ತಗುಲಿದವನು ತನ್ನ ಪ್ರತಿ ಸರದಿಯ ಕೊನೆಗೆ ದಾಳ ಹಾಕಿ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳುವ ಸಾಧ್ಯತೆ ನೂರಕ್ಕೆ 40 ಇದ್ದರೆ, ಎರಡು ದಾಳ ಕಳೆದರೂ ಸಿಕ್ಕಿಕೊಂಡೇ ಇರುವ ಸಾಧ್ಯತೆ ನೂರಕ್ಕೆ 36. ನಮ್ಮಲ್ಲಿ ಒಂದು ಸುತ್ತಿಗೆ ಇಪ್ಪತ್ತು ನಿಮಿಷ. ಘಟ್ಟ ಹತ್ತಿ ಬಂದವನು ಮುಕ್ಕಾಲು ಗಂಟೆ ಚಕ್ಕುಲಿ ತಿನ್ನುತ್ತಾನೆ.

ಮಂತ್ರವನ್ನೇ ನಿಷೇಧಿಸಿ ನೋಡಿದೆವು, ಕೆಟ್ಟಿತು. ಆಟಗಾರರ ವಿಝಾರ್ಡಿಗೂ ಅದೇ ಮಂತ್ರ ಪ್ರೀತಿ. ಈಗ ಎರಡು ಉಪಾಯ ನಡೆಯುತ್ತಿವೆ. ಸಿಕ್ಕಿಬಿದ್ದವನಿಗೆ ನಾನು ಒಂದು ರಾಕ್ಷಸನನ್ನು ಕೊಟ್ಟುಬಿಡುತ್ತೇನೆ, ಆಡಿಸು ಎಂದು. ಸ್ನೇಹಿತರ ಮೇಲೆ ಅವರು ತೋರಿಸುವ ಕ್ರೌರ್ಯ ನನಗೆ ಬರುವುದಿಲ್ಲ. ಎರಡನೆಯದು: ಸರದಿಯ ಶುರುವಿಗೆ, ತನ್ನ ಹಂತದ ಅಂಕದ ಎರಡರಷ್ಟು ಪೆಟ್ಟು ತಾನೇ ತಿಂದು ಇನ್ನೊಂದು ದಾಳ ಹಾಕಬಹುದು. ಆಯ್ಕೆ ಕೈಗೆ ಸಿಕ್ಕಿದರೆ ಸೋತರೂ ಮನುಷ್ಯ ಆಟದಲ್ಲೇ ಇರುತ್ತಾನೆ. ಆದರೆ ಶತ್ರುವಿನ ನಾಯಕನಿಗೂ ಇದೇ ರೂಲು. ಮನೆಯ ರೂಲು ಒಂದೇ ಕಡೆ ನಡೆದರೆ ಅದು ರೂಲಲ್ಲ, ಮುದ್ದು.

ಮಾನ ತೆಗೆಯುವುದಕ್ಕೆ. ಇದಕ್ಕೆ ಮದ್ದು ಚಿಕ್ಕದು: ಪಾತ್ರ ಯಾವುದರಲ್ಲಿ ನುರಿತದ್ದೋ ಆ ಕೆಲಸದ ಸಣ್ಣಪುಟ್ಟದಕ್ಕೆ ದಾಳ ಕೇಳಬೇಡಿ.

ಮಂತ್ರದ ರೂಲುಗಳದ್ದು ಬೇರೆಯೇ ಕಥೆ. 2014ರ ಪುಸ್ತಕದಲ್ಲಿ ಬೋನಸ್ ಆಕ್ಷನ್ನಿನಲ್ಲಿ (ಸರದಿಯ ಮುಖ್ಯ ಕೆಲಸದ ಜೊತೆಗಿನ ಚಿಕ್ಕ ಕೆಲಸ) ಒಂದು ಮಂತ್ರ ಹಾಕಿದರೆ ಆ ಸರದಿಯಲ್ಲಿ ಒಂದು ಆಕ್ಷನ್ನಿನ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಪುಟ್ಟ ಮಂತ್ರ) ಬಿಟ್ಟು ಬೇರೇನೂ ಹಾಕುವಂತಿಲ್ಲ. ಪ್ರತಿ ಸಲ ಇದನ್ನು ವಿವರಿಸಿ ನನ್ನ ಗಂಟಲು ಒಣಗಿತ್ತು. 2024ರ ಮಾತು ನೆಟ್ಟಗಿದೆ: ಸರದಿಗೆ ಒಂದೇ ಸ್ಪೆಲ್ ಸ್ಲಾಟ್ (ದೊಡ್ಡ ಮಂತ್ರಗಳಿಗಿರುವ ಎಣಿಕೆಯ ಬಂಡವಾಳ) ಖರ್ಚು. ಇದನ್ನು ಹಳೆಯ ಪುಸ್ತಕದವರೂ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.

ಮಂತ್ರದ ಮುದ್ರೆ ಮಾಡಲು ಒಂದು ಕೈ ಖಾಲಿ ಇರಬೇಕೆಂಬ ರೂಲು ಮಾತ್ರ ಮುಟ್ಟಿದರೆ ಮುಳ್ಳು. ಕ್ಲೆರಿಕ್ಕಿನ ಒಂದು ಕೈಯಲ್ಲಿ ಗದೆ, ಇನ್ನೊಂದರಲ್ಲಿ ದೇವರ ಚಿಹ್ನೆ ಕೆತ್ತಿದ ಗುರಾಣಿ. ಬ್ಲೆಸ್ ಮಂತ್ರಕ್ಕೆ ಸಾಮಗ್ರಿ ಬೇಕು, ಆದ್ದರಿಂದ ಚಿಹ್ನೆ ಹಿಡಿದ ಕೈಯೇ ಮುದ್ರೆಯನ್ನೂ ಮಾಡಬಹುದು. ಕ್ಯೂರ್ ವೂಂಡ್ಸ್ ಮಂತ್ರಕ್ಕೆ ಸಾಮಗ್ರಿ ಬೇಡ, ಆದ್ದರಿಂದ ಆ ಕೈ ನಡೆಯುವುದಿಲ್ಲ, ಗದೆ ಕೆಳಗಿಡಬೇಕು! ಕೇಳಿದವರೆಲ್ಲ ನಗುತ್ತಾರೆ. ತೆಗೆದುಹಾಕೋಣ ಎನ್ನುವಷ್ಟರಲ್ಲಿ ನಮ್ಮ ಗುಂಪಿನ ಇನ್ನೊಬ್ಬ ಗುರ್ರೆಂದ. ಅವನು ಇದೇ ತೊಡಕು ತಪ್ಪಿಸಲು ವಾರ್ ಕ್ಯಾಸ್ಟರ್ ಎಂಬ ಫೀಟ್ (ಪಾತ್ರಕ್ಕೆ ಸಿಗುವ ವಿಶೇಷ ಪಟ್ಟು) ತೆಗೆದುಕೊಂಡಿದ್ದ, ಅದಕ್ಕಾಗಿ ಎರಡು ಸಾಮರ್ಥ್ಯದ ಅಂಕ ಬಿಟ್ಟುಕೊಟ್ಟಿದ್ದ. ರೂಲು ತೆಗೆದರೆ ಅವನು ಕೊಟ್ಟ ದುಡ್ಡು ನೀರಿಗೆ. ಆದ್ದರಿಂದ ಯಾವ ರೂಲಾದರೂ ಬಿಡುವಾಗ, ಇದನ್ನು ನಂಬಿ ಪಾತ್ರ ಕಟ್ಟಿದವರು ಯಾರಾದರೂ ಇದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ. ಇದ್ದರೆ ಅವರಿಗೆ ಬದಲಿ ಫೀಟ್ ಕೊಡಿ.

ಹೆಜ್ಜೆ 6: ಒಂದು ಸಲಕ್ಕೆ ಒಂದೇ, ಅದೂ ಅವಧಿ ಬರೆದು

ಜೀವದ ಅಂಕ ಸೊನ್ನೆಗಿಳಿದ ಪಾತ್ರ ಹೀಲಿಂಗ್ ವರ್ಡ್ ಎಂಬ ಒಂದು ಗುಣಪಡಿಸುವ ಮಂತ್ರಕ್ಕೆ ಎದ್ದು ನಿಂತು, ಮತ್ತೆ ಬಿದ್ದು, ಮತ್ತೆ ಏಳುವುದು ನನಗೆ ಯಾವತ್ತೂ ರೇಜಿಗೆ. ಸೊನ್ನೆಗೆ ಇಳಿದಾಗಲೆಲ್ಲ ಒಂದು ಹಂತದ ಬಳಲಿಕೆ ಎಂದು ಮಾಡಿದೆ. ಅದೇ ದಿನ ಖಾನೆಯ ರೂಲನ್ನೂ, ಇನ್ನೆರಡನ್ನೂ ಜಾರಿಗೆ ತಂದೆ. ಆಟ ಕುಂಟಿತು, ಯಾವ ಕಾಲು ನೋಯುತ್ತಿದೆ ಎಂದು ಗೊತ್ತಾಗಲಿಲ್ಲ. ಒಂದೊಂದಾಗಿ ತೆಗೆದು ನೋಡಿದಾಗ ಬಳಲಿಕೆಯದೇ ಕಿತಾಪತಿ: 2014ರ ಪುಸ್ತಕದಲ್ಲಿ ಬಳಲಿಕೆ ಆರು ಹಂತ, ಆರನೆಯದು ಸಾವು. ಬಿದ್ದವನು ದುರ್ಬಲನಾಗಿ ಮತ್ತೆ ಬೇಗ ಬೀಳುತ್ತಾನೆ. 2024ರಲ್ಲಿ ಹಂತಕ್ಕೆ ಎರಡರಂತೆ ದಾಳದಿಂದ ಕಳೆಯುವುದು ಮತ್ತು ನಡಿಗೆ ಐದಡಿ ಕುಗ್ಗುವುದು, ತಾಳಿಕೊಳ್ಳಬಹುದು.

ಆದ್ದರಿಂದ ಬಾಗಿಲ ಹಿಂದೆ ಒಂದು ಕಾಗದ ಅಂಟಿಸಿದ್ದೇವೆ. ರೂಲು, ಶುರುವಾದ ದಿನ, ಎಷ್ಟು ಆಟದವರೆಗೆ ಪರೀಕ್ಷೆ. ಎರಡು ಆಟ ಕಳೆದ ಮೇಲೆ ಯಾರೂ ಬೇಕು ಅನ್ನದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ. ‘ಬೇಡ’ ಎನ್ನಲು ಗೆಳೆಯರಿಗೆ ಸಂಕೋಚ, ಸುಮ್ಮನಿರುವುದು ಎಲ್ಲರಿಗೂ ಸುಲಭ.

ಹೆಜ್ಜೆ 7: ಜಗಳ ಚೌಕಿಯಲ್ಲಿ (ಬಣ್ಣ ಹಚ್ಚುವ ಮನೆಯಲ್ಲಿ), ರಂಗದಲ್ಲಲ್ಲ

ಆಟದ ನಡುವೆ ರೂಲಿನ ತಕರಾರು ಬಂದರೆ ಯಕ್ಷಗಾನದ ಭಾಗವತರನ್ನು ನೆನೆಯಿರಿ. ವೇಷಧಾರಿ ಪ್ರಸಂಗ ಬಿಟ್ಟು ಎಲ್ಲೆಲ್ಲೋ ಅರ್ಥ ಹೇಳುತ್ತಿದ್ದರೆ ಅವರು ರಂಗ ನಿಲ್ಲಿಸಿ ಪುಸ್ತಕ ತೆಗೆಯುವುದಿಲ್ಲ. ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಆಟ ಸಾಗುತ್ತದೆ. ನೀವೂ ಎರಡು ನಿಮಿಷ ಕೇಳಿಸಿಕೊಂಡು, ಆಟಗಾರನಿಗೆ ಅನುಕೂಲವಾಗುವ ಕಡೆ ತೀರ್ಪು ಕೊಟ್ಟು, ‘ಇವತ್ತಿಗೆ ಹೀಗೆ’ ಎಂದು ಮುಂದೆ ಹೋಗಿ. ಪುಸ್ತಕ ತೆಗೆಯುವುದು ಊಟದ ಹೊತ್ತಿಗೆ. ಪಾತ್ರ ಸಾಯುವ ಪ್ರಶ್ನೆ ಇದ್ದರೆ ಮಾತ್ರ ಆಟ ನಿಲ್ಲಿಸಿ ನೋಡಿ, ಸತ್ತವನನ್ನು ಮುಂದಿನ ತಿಂಗಳು ಎಬ್ಬಿಸುವುದು ಮುಜುಗರದ ಕೆಲಸ.

ಕೊನೆಗೌಡನ ಗೆಳೆಯನಿಗೆ ನಾನು ತಪ್ಪೊಪ್ಪಿಕೊಂಡೆ. ಮುಂದಿನ ಆಟದಲ್ಲಿ ಅವನು ಅದೇ ತೋಟವನ್ನು ಒಂದೇ ದಾಳದಲ್ಲಿ ದಾಟಿದ. ಬಿದ್ದದ್ದು ಕೆಟ್ಟ ದಾಳವೇ, ಆದರೆ ಕೆಳಗೆ ಬಿದ್ದದ್ದು ಅವನಲ್ಲ, ಒಂದು ಕೊನೆ ಅಡಿಕೆ. ಕಾವಲಿನವನು ಆಯ್ದುಕೊಳ್ಳಲು ಬಗ್ಗಿದ. ಬಾಗಿಲ ಹಿಂದಿನ ಕಾಗದದಲ್ಲಿ ಈಗ ಐದು ಸಾಲಿವೆ. ಆರನೆಯದು, ಕೈ ಖಾಲಿಯ ರೂಲು, ಪೆನ್ಸಿಲ್ಲಿನಲ್ಲಿ ಬರೆದದ್ದು ಹಾಗೇ ಇದೆ. ವಾರ್ ಕ್ಯಾಸ್ಟರ್ ತೆಗೆದುಕೊಂಡವನು ಬದಲಿ ಫೀಟ್ ಯಾವುದೆಂದು ಇನ್ನೂ ಯೋಚಿಸುತ್ತಲೇ ಇದ್ದಾನೆ.